ಆ ಮುಖದ ಬಣ್ಣವನ್ನು ನಾನು ‘ಸರಿ’ ಮಾಡಿದ್ದೆ

“ಪ್ರೊಜೆಕ್ಟರ್ ಸರಿಯಿಲ್ಲ ಅನಿಸುತ್ತೆ, ಒಂದು ನಿಮಿಷ ಕೊಡಿ” ಅಂತ ಇಪ್ಪತ್ತು ಜನ ವಿದ್ಯಾರ್ಥಿಗಳ ಮುಂದೆ ನಾನೇ ಹೇಳಿದೆ. ಆ ಮಾತು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಪ್ರೊಜೆಕ್ಟರ್ ಸರಿಯಾಗಿಯೇ ಇತ್ತು.

ಅಮೆರಿಕದ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, ವಿಶೇಷ ಸಂಗ್ರಹದ ಸ್ಕ್ಯಾನಿಂಗ್ ಲ್ಯಾಬ್ ನನ್ನ ಜಾಗ. ಹಿಂದಿನ ವರ್ಷ ದಾನಿಯೊಬ್ಬರು ಶಾಂಗ್-ಚಿ ಕಾಮಿಕ್‌ನ ಇಡೀ ಸರಣಿಯನ್ನು ಕೊಟ್ಟರು. 15ರಿಂದ 125ರವರೆಗೆ, ಒಂದೂ ತಪ್ಪದೆ 111 ಸಂಚಿಕೆ. ಪೆಟ್ಟಿಗೆ ತೆರೆದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಈ ಕುಂಗ್ ಫೂ ವೀರನ ಕಥೆಯನ್ನು ಅಲ್ಲಲ್ಲಿ ಓದಿದ್ದೆ, ಮೂಲ ಪ್ರತಿಯನ್ನು ಮಾತ್ರ ಕೈಯಲ್ಲಿ ಹಿಡಿದಿರಲಿಲ್ಲ. ಡಿಸೆಂಬರ್ 1973 ಎಂದು ಅಚ್ಚಾದ ಮೊದಲ ಸಂಚಿಕೆ, ಬೆಲೆ 20 ಸೆಂಟ್, ಮೈಲಾರ್ ಎಂಬ ಪಾರದರ್ಶಕ ಪ್ಲಾಸ್ಟಿಕ್‌ನ ಚೀಲದೊಳಗೆ.

ಮೊದಲ ದಿನವೇ ಒಂದು ಸಣ್ಣ ತಪ್ಪು ಮಾಡುವುದರಲ್ಲಿದ್ದೆ. 1ರಿಂದ 14ರವರೆಗಿನ ಸಂಚಿಕೆಗಳು ‘ಲಭ್ಯವಿಲ್ಲ’ ಎಂದು ಶೀಟ್‌ನಲ್ಲಿ ತುಂಬಲು ಹೊರಟಿದ್ದೆ. ಕ್ಯಾಟಲಾಗಿಂಗ್‌ನವರು ತಡೆದರು. ಶಾಂಗ್-ಚಿಗೆ ಒಂದನೇ ಸಂಚಿಕೆ ಅಂತ ಇಲ್ಲವೇ ಇಲ್ಲ. ಇದರ ಪ್ರಕಾಶಕರಾದ ಮಾರ್ವೆಲ್‌ನವರ ಬಳಿ ‘ಸ್ಪೆಷಲ್ ಮಾರ್ವೆಲ್ ಎಡಿಷನ್’ ಎಂಬ ಪತ್ರಿಕೆ ಇತ್ತು. ಅದರಲ್ಲಿ ಮೊದಲು ಥಾರ್‌ನ ಹಳೆಯ ಕಥೆಗಳು, ಆಮೇಲೆ ಸಾರ್ಜೆಂಟ್ ಫ್ಯೂರಿಯ ಯುದ್ಧದ ಕಥೆಗಳು ಮರುಮುದ್ರಣವಾಗುತ್ತಿದ್ದವು. 15ನೆಯದರಲ್ಲಿ ಹೊಸ ವೀರನನ್ನು ತಂದರು. 17ಕ್ಕೆ ಪತ್ರಿಕೆಯ ಹೆಸರನ್ನೇ ‘ಮಾಸ್ಟರ್ ಆಫ್ ಕುಂಗ್ ಫೂ’ ಎಂದು ಬದಲಿಸಿದರು, ಸಂಖ್ಯೆಯನ್ನು ಮಾತ್ರ ಹಾಗೇ ಮುಂದುವರಿಸಿದರು. ಇಷ್ಟು ದೊಡ್ಡ ಹೆಸರಿನ ವೀರ ಬೇರೆಯವರ ಪತ್ರಿಕೆಯ ನಡುವೆ ಹುಟ್ಟಿದ್ದು ನನಗೆ ತುಂಬಾ ಹಿಡಿಸಿತು.

ಅವನ ಹುಟ್ಟಿನಲ್ಲಿ ಇನ್ನೊಂದು ತೊಡಕೂ ಇದೆ. 1972ರಲ್ಲಿ ಟಿವಿಯಲ್ಲಿ ‘ಕುಂಗ್ ಫೂ’ ಧಾರಾವಾಹಿ ಶುರುವಾಯಿತು. ಬರಹಗಾರ ಸ್ಟೀವ್ ಎಂಗಲ್‌ಹಾರ್ಟ್ ಮತ್ತು ಚಿತ್ರಕಾರ ಜಿಮ್ ಸ್ಟಾರ್ಲಿನ್ ಅದನ್ನೇ ಕಾಮಿಕ್ ಮಾಡಬೇಕೆಂದಿದ್ದರು. ಆದರೆ ಅದರ ಹಕ್ಕು ವಾರ್ನರ್ ಸಂಸ್ಥೆಯದು, ಮಾರ್ವೆಲ್‌ನ ಎದುರಾಳಿ ಡಿಸಿ ಕಾಮಿಕ್ಸ್ ಕೂಡ ಅವರದ್ದೇ. ಹಾಗಾಗಿ ಮಾರ್ವೆಲ್‌ನಲ್ಲಿ ಸ್ವಂತ ವೀರನನ್ನು ಕಟ್ಟಿದರು. ಮಾರ್ವೆಲ್ ಬಳಿ ಸ್ಯಾಕ್ಸ್ ರೋಮರ್‌ನ ಕಾದಂಬರಿಗಳ ಹಕ್ಕು ಇತ್ತು, ಅದರಲ್ಲಿನ ಖಳ ಫು ಮಾಂಚುವನ್ನು ಈ ಹುಡುಗನಿಗೆ ತಂದೆಯಾಗಿ ಕೊಟ್ಟರು. ಚೀನಾದ ಹೊನಾನ್‌ನ ಒಂದು ಏಕಾಂತ ನೆಲೆಯಲ್ಲಿ ಬೆಳೆದ ಹುಡುಗ, ತಂದೆ ಪುಣ್ಯಾತ್ಮನೆಂದು ನಂಬಿ ಲಂಡನ್‌ಗೆ ಕೊಲೆ ಮಾಡಲು ಹೋಗುತ್ತಾನೆ. ಅಲ್ಲಿ ನೇಲ್ಯಾಂಡ್ ಸ್ಮಿತ್ ಎಂಬ ಆಂಗ್ಲನಿಂದ ನಿಜ ತಿಳಿದು ತಂದೆಗೇ ತಿರುಗಿಬೀಳುತ್ತಾನೆ. ಬ್ರೂಸ್ ಲೀ ತೀರಿಕೊಂಡದ್ದು ಅದೇ 1973ರ ಜುಲೈನಲ್ಲಿ. ಊರೆಲ್ಲ ಕುಂಗ್ ಫೂ ಗುಂಗಿನಲ್ಲಿದ್ದ ಹೊತ್ತು ಅದು.

ಆಮೇಲೆ ಡಗ್ ಮೋಂಚ್ ಬರಹ, ಪಾಲ್ ಗುಲೇಸಿ ಚಿತ್ರ. ಕಥೆ ಗೂಢಚಾರಿಕೆಯ ಕಡೆಗೆ ಹೊರಳಿತು, ವೀರನ ಮುಖ ಬ್ರೂಸ್ ಲೀಯಂತಾಯಿತು, ಅವನು ತನ್ನೊಳಗೇ ಮಾತಾಡಿಕೊಳ್ಳುವ ಸಾಲುಗಳು ಪುಟ ತುಂಬಿದವು. ಕೊನೆಯ ವರ್ಷಗಳಲ್ಲಿ ಜೀನ್ ಡೇ ಬಿಡಿಸಿದ ಪುಟಗಳನ್ನು ಸ್ಕ್ಯಾನ್ ಮಾಡುವಾಗ ಎಷ್ಟೋ ಸಲ ಕೆಲಸ ನಿಲ್ಲಿಸಿ ನೋಡುತ್ತಾ ಕೂತಿದ್ದೇನೆ. 1983ರ ಜೂನ್ ಸಂಚಿಕೆಗೆ ಸರಣಿ ನಿಂತಿತು. ಫು ಮಾಂಚುವಿನ ಹಕ್ಕು ಕೈತಪ್ಪಿದ ಮೇಲೆ ಹಳೆಯ ಕಥೆಗಳ ಮರುಮುದ್ರಣವೂ ಕಟ್ಟಿಬಿತ್ತು. ದಪ್ಪ ಸಂಪುಟಗಳಾಗಿ ಅವು ಹೊರಬರಲು 2016ರವರೆಗೆ ಕಾಯಬೇಕಾಯಿತು. ಅಂದು ಜನ ಅಂಗಡಿಯಲ್ಲಿ ಕೊಂಡು ಓದಿದ ಪುಟ ಹೇಗಿತ್ತು ಅಂತ ತಿಳಿಯಲು ಇವತ್ತಿಗೂ ಆ ನ್ಯೂಸ್‌ಪ್ರಿಂಟೇ ಬೇಕು. ನಮ್ಮ ಸ್ಕ್ಯಾನಿಗೆ ಬೆಲೆ ಇರುವುದೂ ಅದಕ್ಕೇ. ನಾನು ಕೆಡಿಸಿದ್ದೂ ಅದನ್ನೇ.

ಆ ಹೊತ್ತಿಗೆ ಲ್ಯಾಬ್‌ಗೆ ಹೊಸ ಸಾಫ್ಟ್‌ವೇರ್ ಬಂದಿತ್ತು. ಮೇಲಿನವರು ದುಡ್ಡು ಸುರಿದು ತಂದದ್ದು, ಆದ್ದರಿಂದ ದಿನದ ಪುಟದ ಲೆಕ್ಕವೂ ಏರಿತು. ಜಾಹೀರಾತು ಪುಟ, ಓದುಗರ ಪತ್ರದ ಪುಟ ಬಿಟ್ಟುಬಿಡಿ, ಕಥೆ ಮಾತ್ರ ಸಾಕು ಅಂತ ಮೇಲ್ ಬಂತು. ಕ್ಯೂಸಿಯಲ್ಲಿ, ಅಂದರೆ ಗುಣಮಟ್ಟದ ತಪಾಸಣೆಯಲ್ಲಿ, ನೋಡುತ್ತಿದ್ದದ್ದು ಎರಡೇ: ಫೋಕಸ್ ಮತ್ತು ಪುಟದ ಕ್ರಮ. ಕಾಗದದ ಹಳದಿ ತೆಗೆಯಲು ಒಂದು ಪ್ರಿಸೆಟ್ (ಮೊದಲೇ ಹೊಂದಿಸಿಟ್ಟ ತಿದ್ದುಪಡಿ), ಅಚ್ಚಿನ ಚುಕ್ಕೆಗಳನ್ನು ಅಳಿಸುವ ಡಿಸ್ಕ್ರೀನ್‌ಗೆ ಒಂದು, ಚರ್ಮದ ಬಣ್ಣಕ್ಕೆ ಇನ್ನೊಂದು. ಮೂರನ್ನೂ ಸೇರಿಸಿ, ತಾನಾಗಿಯೇ ಓಡುವ ಒಂದು ಆ್ಯಕ್ಷನ್ ಬರೆದೆ. ಬ್ಯಾಚ್‌ಗೆ ಹಾಕಿ ಮನೆಗೆ ಹೋದರೆ ಬೆಳಿಗ್ಗೆ ಆಕ್ಸೆಸ್ ಕಾಪಿಗಳು, ಅಂದರೆ ಓದುಗರಿಗೆ ಕೊಡುವ ಪ್ರತಿಗಳು, ಸಿದ್ಧ. ಆ ತಿಂಗಳ ಮೀಟಿಂಗ್‌ನಲ್ಲಿ ನನ್ನ ಅಂಕಿ ತೋರಿಸಿ ಹೊಗಳಿದರು. ನನಗೂ ಹೆಮ್ಮೆಯಾಗಿತ್ತು.

ಚರ್ಮದ ಪ್ರಿಸೆಟ್ ಯಾಕೆ ಹಾಕಿದೆ ಅನ್ನುವುದನ್ನು ಬಿಡಿಸಿ ಹೇಳಬೇಕು, ನನ್ನ ತಪ್ಪು ಇರುವುದೇ ಅಲ್ಲಿ. ಪುಟಗಳಲ್ಲಿ ಶಾಂಗ್-ಚಿಯ ಮುಖ ಕಿತ್ತಳೆಯ ಕಡೆಗೆ ವಾಲಿದ ವಿಚಿತ್ರ ಬಣ್ಣದಲ್ಲಿತ್ತು. ಅವನ ತಂದೆಯದಂತೂ ಅಪ್ಪಟ ಹಳದಿ. ಐವತ್ತು ವರ್ಷದ ಅಗ್ಗದ ಕಾಗದ, ಮಸಿ ಕೆಟ್ಟಿದೆ ಅಂದುಕೊಂಡೆ. ಅದೇ ಪುಟದಲ್ಲಿದ್ದ ಆಂಗ್ಲನ ಮುಖ ಮಾತ್ರ ಸರಿಯಾಗಿ ಕಂಡಿತು. ಅದನ್ನೇ ಸ್ಯಾಂಪಲ್ ತೆಗೆದು ಉಳಿದ ಮುಖಗಳನ್ನು ಅದರ ಹತ್ತಿರಕ್ಕೆ ಎಳೆದೆ. ಪುಟ ಕಣ್ಣಿಗೆ ಹಿತವಾಯಿತು.

ಕಾಗದ ಹಳದಿಯಾದರೆ ಅದರ ಮೇಲಿರುವ ಎಲ್ಲರ ಮುಖವೂ ಹಳದಿಯಾಗಬೇಕು. ಮುಪ್ಪು ಒಬ್ಬನನ್ನು ಆರಿಸಿಕೊಂಡು ಬರುವುದಿಲ್ಲ. ಇಷ್ಟು ಸರಳವಾದ ವಿಷಯ ನನಗೆ ಹೊಳೆಯಲಿಲ್ಲ. ದಿನಕ್ಕೆ ನೂರಾರು ಪುಟ ನೋಡುವ ಕಣ್ಣಿಗೆ ಅದು ದೋಷವಾಗಿ ಕಂಡಿತೇ ಹೊರತು ಯಾರೋ ಕೂತು ಮಾಡಿದ ಆಯ್ಕೆಯಾಗಿ ಕಾಣಲಿಲ್ಲ.

ತರಗತಿಯ ದಿನ ಹೀಗಾಯಿತು. ಅಮೆರಿಕದ ಜನಪ್ರಿಯ ಮುದ್ರಣಗಳಲ್ಲಿ ಏಷ್ಯಾದವರ ಚಿತ್ರಣ ಅನ್ನುವುದು ಪ್ರೊಫೆಸರ್ ಅವರ ಪಾಠ. ನಮ್ಮ ಓದುಕೋಣೆಯಲ್ಲೇ ನಡೆಯುತ್ತಿತ್ತು. 15ನೇ ಸಂಚಿಕೆಯ ಆಕ್ಸೆಸ್ ಕಾಪಿ ತೆರೆದು, ಶಾಂಗ್-ಚಿ ಮತ್ತು ಸ್ಮಿತ್ ಎದುರುಬದುರಾಗುವ ಪುಟಕ್ಕೆ ಬಂದು, “ಈ ಇಬ್ಬರ ಮುಖ ನೋಡಿ. ಏನು ಕಾಣುತ್ತೆ?” ಅಂದರು.

ಯಾರೂ ಮಾತಾಡಲಿಲ್ಲ. “ಬಣ್ಣ ನೋಡಿ” ಅಂದರು. ಒಬ್ಬ ಹುಡುಗ ತಡೆದು ತಡೆದು, “ಎರಡೂ ಒಂದೇ ಥರ ಇದೆಯಲ್ಲ?” ಅಂದ. ಪ್ರೊಫೆಸರ್ ಪರದೆಯ ಹತ್ತಿರ ಹೋಗಿ ನೋಡಿದರು. ಆಗಲೇ ನಾನೆದ್ದು ಪ್ರೊಜೆಕ್ಟರ್ ವಿಷಯ ಹೇಳಿದ್ದು. ಮೆನು ತೆರೆದೆ, ಕಲರ್ ಮೋಡ್ ಬದಲಿಸಿದೆ, ಕೇಬಲ್ ಬಿಚ್ಚಿ ಹಾಕಿದೆ. ಹಿಂದೆ ಇಪ್ಪತ್ತು ಜನ ಸುಮ್ಮನೆ ಕೂತಿದ್ದರು. ನಾಲ್ಕೈದು ನಿಮಿಷ ಆಗಿರಬೇಕು. ಮೂರನೇ ಸಲ ಅದೇ ಮೆನುಗೆ ಹೋದಾಗ ಪರದೆಯ ಮೇಲೆ ಶಾಂಗ್-ಚಿಯ ಕೆನ್ನೆ ದೊಡ್ಡದಾಗಿ ನಿಂತಿತ್ತು. ಚುಕ್ಕೆಗಳೇ ಇಲ್ಲದ, ನಯವಾದ, ಗುಲಾಬಿ ಕೆನ್ನೆ. ಕೈ ಅಲ್ಲೇ ನಿಂತುಬಿಟ್ಟಿತು. ಆ ಗುಲಾಬಿಯನ್ನು ನಾನು ಬಲ್ಲೆ, ನಾನೇ ಸ್ಯಾಂಪಲ್ ತೆಗೆದದ್ದು.

ಆಗಲಾದರೂ ನಿಜ ಹೇಳಬೇಕಿತ್ತು. “ಮೂಲ ಪ್ರತಿ ತರುತ್ತೇನೆ” ಎಂದಷ್ಟೇ ಹೇಳಿ ಕೆಳಗೆ ಸಂಗ್ರಹ ಇಡುವ ಸ್ಟ್ಯಾಕ್ಸ್‌ಗೆ ಓಡಿದೆ. ತರಗತಿ ಮುಗಿಯಲು ಹದಿನೈದು ನಿಮಿಷ ಇತ್ತು. ಲಿಫ್ಟ್ ಬರಲಿಲ್ಲ, ಮೆಟ್ಟಿಲಿಳಿದೆ. ಪೆಟ್ಟಿಗೆ ಅದರ ಜಾಗದಲ್ಲಿರಲಿಲ್ಲ, ಹೊಸ ಪೆಟ್ಟಿಗೆಗೆ ಬದಲಿಸುವ ರೀಹೌಸಿಂಗ್‌ಗೆ ಹೋಗಿತ್ತು. ಸಂರಕ್ಷಣೆಯವರ ಮೇಜಿನ ಮೇಲೆ ಸಿಕ್ಕಿತು. ಸ್ಲಿಪ್ ಬರೆಯದೆ ತೆಗೆದುಕೊಂಡು ಹೋಗಲು ಅವರು ಬಿಡಲಿಲ್ಲ, ಅದು ಸರಿಯೇ. ಬರೆಯುವಾಗ ಕೈ ನಡುಗುತ್ತಿತ್ತು. ಮೇಲೆ ಬರುವ ಹೊತ್ತಿಗೆ ಆರು ನಿಮಿಷ ಉಳಿದಿತ್ತು.

ಪುಸ್ತಕವನ್ನು ಕ್ರೇಡಲ್ ಎಂಬ ಆಧಾರದ ಮೇಲಿಟ್ಟು, ಲೂಪ್ ಎಂಬ ಭೂತಗನ್ನಡಿ ಕೊಟ್ಟು, ಇಬ್ಬಿಬ್ಬರಾಗಿ ಬರಲು ಹೇಳಿದೆವು. ಲೂಪ್‌ನೊಳಗೆ ಎಲ್ಲವೂ ಬಿಡಿಬಿಡಿಯಾಗಿ ಕಾಣುತ್ತದೆ. ಆ ಕಾಲದಲ್ಲಿ ಕಾಮಿಕ್‌ನ ಬಣ್ಣ ಅಂದರೆ ಹಳದಿ, ಕೆಂಪು, ನೀಲಿಗಳ ಚುಕ್ಕೆ, ಒಂದೊಂದಕ್ಕೂ 25, 50, 100 ಪ್ರತಿಶತದ ಮೂರೇ ಮೆಟ್ಟಿಲು. ಬಣ್ಣಕಾರರು ಗೈಡ್ ಹಾಳೆಯ ಮೇಲೆ ಪ್ರತಿ ಜಾಗಕ್ಕೂ ಕೋಡ್ ಬರೆಯುತ್ತಿದ್ದರು. ಬಿಳಿಯರ ಚರ್ಮಕ್ಕೆ ವೈ2ಆರ್2 ಎಂಬ ಕೋಡ್ ಬಾಯಿಪಾಠವಾಗಿತ್ತು: ಹಳದಿ 25, ಕೆಂಪು 25. ಆ ಗೈಡ್ ನೋಡಿ ಸೆಪರೇಷನ್, ಅಂದರೆ ಒಂದೊಂದು ಬಣ್ಣವನ್ನೂ ಬೇರೆಬೇರೆ ಮಾಡುವ ಕೆಲಸ, ಆಮೇಲೆ ಇಲಿನಾಯ್‌ನ ಸ್ಪಾರ್ಟಾದ ದೊಡ್ಡ ಅಚ್ಚುಕೂಟದಲ್ಲಿ ಮುದ್ರಣ. ಅಂದರೆ ಶಾಂಗ್-ಚಿಯ ಮುಖಕ್ಕೆ ಬೇರೆ ಬಣ್ಣ ಬರಬೇಕಾದರೆ, ಪ್ರತಿ ಚೌಕದಲ್ಲಿ, ಪ್ರತಿ ತಿಂಗಳು, ಯಾರೋ ಬೇರೆ ಕೋಡ್ ಬರೆಯಲೇಬೇಕಿತ್ತು.

ಕೊನೆಯಲ್ಲಿ ಬಂದ ಹುಡುಗಿ ಲೂಪ್‌ನಿಂದ ತಲೆಯೆತ್ತಲೇ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಹಾಗಾದರೆ ನಿಮ್ಮ ಕಂಪ್ಯೂಟರ್‌ನಲ್ಲಿ ಇದು ಯಾಕಿಲ್ಲ?” ಅಂತ ಕೇಳಿದಳು. ಪ್ರೊಫೆಸರ್ ನನ್ನ ಕಡೆ ತಿರುಗಿದರು. ಆಗ ಹೇಳಿದೆ, “ನಾನು ತೆಗೆದುಬಿಟ್ಟೆ. ಕೆಟ್ಟಿದೆ ಅಂದುಕೊಂಡಿದ್ದೆ.”

ಯಾರೂ ಬೈಯಲಿಲ್ಲ. ಪ್ರೊಫೆಸರ್ ಅವರು ತರಗತಿ ಮುಗಿದ ಮೇಲೆ ನಿಧಾನವಾಗಿ, ಆ ಬಣ್ಣದ ಬಗ್ಗೆ ಆ ಕಾಲದ ಓದುಗರೇ ತಕರಾರು ತೆಗೆದಿದ್ದರು, ಸಂಚಿಕೆಯ ಪತ್ರಗಳ ಪುಟದಲ್ಲೇ ಅಚ್ಚಾಗಿದೆ ಅಂದರು. ಬಿಲ್ ವು ಎಂಬ ಓದುಗ ಬರೆಯುತ್ತಿದ್ದರಂತೆ, ಮುಂದೆ ವಿಜ್ಞಾನ ಕಥೆಗಾರರಾಗಿ ಹೆಸರು ಮಾಡಿದವರು. “ಆ ಪುಟಗಳನ್ನು ಮುಂದಿನ ವಾರಕ್ಕೆ ತೆಗೆದುಕೊಡುತ್ತೀರಾ?” ಅಂತ ಕೇಳಿದರು. ಆ ಪುಟಗಳನ್ನು ನಾವು ಸ್ಕ್ಯಾನೇ ಮಾಡಿರಲಿಲ್ಲ. ಮೇಲ್‌ನಲ್ಲಿ ಬೇಡವೆಂದಿದ್ದರು, ನಾನು ಎದುರು ಮಾತಾಡಿರಲಿಲ್ಲ. ಬಣ್ಣವನ್ನೂ ತೆಗೆದು, ಅದನ್ನು ಪ್ರಶ್ನಿಸಿದವರ ಮಾತನ್ನೂ ಬಿಟ್ಟಿದ್ದೆವು. ಆ ರಾತ್ರಿ ನಿದ್ದೆ ಬರದಂತೆ ಮಾಡಿದ್ದು ಪ್ರೊಜೆಕ್ಟರ್ ಪ್ರಸಂಗಕ್ಕಿಂತ ಹೆಚ್ಚಾಗಿ ಇದು.

ಮರುದಿನ ಮಾಸ್ಟರ್ ಟಿಫ್‌ಗಳನ್ನು, ಅಂದರೆ ತಿದ್ದದೆ ಇಡಬೇಕಾದ ಮೂಲ ಸ್ಕ್ಯಾನ್ ಫೈಲುಗಳನ್ನು, ನೋಡಿದೆ. ಮೊದಲ ನಲವತ್ತರಷ್ಟು ಸಂಚಿಕೆಗಳ ಮಾಸ್ಟರ್ ಹಾಗೇ ಉಳಿದಿತ್ತು. ಆಮೇಲಿನವುಗಳಲ್ಲಿ ನನ್ನ ಆ್ಯಕ್ಷನ್ ಅದೇ ಫೈಲಿನ ಮೇಲೆಯೇ ಸೇವ್ ಮಾಡಿತ್ತು. ಸಾಫ್ಟ್‌ವೇರ್ ಎಚ್ಚರಿಸಲಿಲ್ಲ, ಲಾಗ್‌ನಲ್ಲಿ ‘ಪೂರ್ಣ’ ಎಂದಷ್ಟೇ ಇತ್ತು. ಯಾವ ಪ್ರಿಸೆಟ್ ಏನು ಬದಲಿಸಿತು ಎಂದು ಬರೆದಿಡದ ಉಪಕರಣ ಸಂಗ್ರಹಾಲಯದ ಕೆಲಸಕ್ಕೆ ಬರುವಂಥದ್ದಲ್ಲ. ಇದನ್ನು ಮೇಲಿನವರಿಗೆ ಮೂರು ಸಲ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ. ಆದರೆ ಸೇವ್ ದಾರಿ ಹಾಕಿದ್ದು ನಾನು. ಅದನ್ನು ಉಪಕರಣದ ಮೇಲೆ ಹೊರಿಸಲಾರೆ.

ಕ್ಯುರೇಟರ್ ಜೊತೆ ಕೂತಾಗ ಅವರೊಂದು ಮಾತು ಕೇಳಿದರು: “ಕಂಪನಿಯವರೂ ಅವನನ್ನು ತಿದ್ದುತ್ತಲೇ ಬಂದಿದ್ದಾರಲ್ಲ?” ನಿಜ. ಹಕ್ಕು ಹೋದ ಮೇಲೆ ತಂದೆಯ ಹೆಸರು ಹೇಳುವಂತಿರಲಿಲ್ಲ. ‘ಸೀಕ್ರೆಟ್ ಅವೆಂಜರ್ಸ್’ ಸರಣಿಯಲ್ಲಿ ಬರಹಗಾರ ಎಡ್ ಬ್ರೂಬೇಕರ್ ಆ ತಂದೆಗೆ ಝೆಂಗ್ ಝು ಎಂದು ಹೊಸ ಹೆಸರು ಕೊಟ್ಟರು. 2020ರಲ್ಲಿ ಬರಹಗಾರ ಜೀನ್ ಲುಯೆನ್ ಯಾಂಗ್ ಅಣ್ಣ ತಂಗಿಯರನ್ನು, ಫೈವ್ ವೆಪನ್ಸ್ ಸೊಸೈಟಿಯನ್ನು ತಂದು ಇಡೀ ಮನೆತನವನ್ನೇ ಹೊಸದಾಗಿ ಕಟ್ಟಿದರು. 2021ರ ಸಿನಿಮಾದಲ್ಲಿ ತಂದೆ ವೆನ್‌ವು, ಕೈಯಲ್ಲಿ ಹತ್ತು ಕಡಗ, ಹೆಂಡತಿಯ ಸಾವಿನಿಂದ ಮುರಿದುಹೋದ ಮನುಷ್ಯ. ನಟ ಟೋನಿ ಲೆಯುಂಗ್ ಆ ಪಾತ್ರಕ್ಕೆ ಕೊಟ್ಟ ಘನತೆ ನೋಡಿ ನನಗೆ ಕಣ್ಣು ತುಂಬಿತ್ತು. ಹಳದಿ ಖಳನಿಂದ ಅಲ್ಲಿಯವರೆಗೆ ಬಂದ ದಾರಿ ದೊಡ್ಡದು.

ಆದರೆ ಅವರೆಲ್ಲ ತಿದ್ದಿದ್ದು ಹೊಸ ಕಥೆ ಬರೆದು. 1973ರ ಪುಟವನ್ನು ಅವರು ಯಾರೂ ಮುಟ್ಟಲಿಲ್ಲ. ಮುಟ್ಟಿದವಳು ನಾನು. ಆ ಪುಟ ಕಿತ್ತಳೆಯಾಗಿ ಉಳಿದಿದ್ದರೆ ಮಾತ್ರ ವೆನ್‌ವು ಎಷ್ಟು ದೂರ ಬಂದಿದ್ದಾನೆ ಅಂತ ತೋರಿಸಬಹುದು. ಕ್ಯುರೇಟರ್‌ಗೆ ಇದನ್ನು ಹೀಗೇ ಹೇಳಿದೆ. ಅವರು ರೀಸ್ಕ್ಯಾನ್‌ಗೆ ಸಹಿ ಹಾಕಿದರು, ಆ ತಿಂಗಳ ಲೆಕ್ಕದಿಂದ ಮಾತ್ರ ವಿನಾಯಿತಿ ಸಿಗಲಿಲ್ಲ.

ಈಗ ಎಲ್ಲಾ ಪುಟ ತೆಗೆಯುತ್ತಿದ್ದೇನೆ, ಜಾಹೀರಾತು, ಪತ್ರ, ಹಿಂಬದಿಯ ರಕ್ಷಾಪುಟ ಸೇರಿ. 600 ಡಿಪಿಐ, ಪ್ರತಿ ಸೆಷನ್‌ಗೆ ಬಣ್ಣ ತಾಳೆ ನೋಡುವ ಟಾರ್ಗೆಟ್ ಕಾರ್ಡ್, ಪ್ರಿಸೆಟ್ ಒಂದೂ ಇಲ್ಲ. ಮೂಲ ಪ್ರತಿಯನ್ನು ಮಾನಿಟರ್ ಪಕ್ಕ ಇಟ್ಟು ಮುಖ ಮುಖ ಹೋಲಿಸಿ ನೋಡುತ್ತೇನೆ. ನಿಧಾನವಾಗುತ್ತದೆ, ಮೀಟಿಂಗ್‌ನಲ್ಲಿ ನನ್ನ ಅಂಕಿ ಕೆಳಗಿದೆ. ನಿನ್ನೆ ಸಂಜೆ 63ನೇ ಸಂಚಿಕೆ ಮುಗಿಯಿತು. ಆ ಹುಡುಗಿ ತನ್ನ ಪ್ರಬಂಧಕ್ಕೆ ಪತ್ರಗಳ ಪುಟಗಳನ್ನು ಕೇಳಿದ್ದಾಳೆ, ಮೊದಲ ಕಂತು ಇವತ್ತು ಬೆಳಿಗ್ಗೆ ಅವಳ ಫೋಲ್ಡರ್‌ಗೆ ಹೋಯಿತು.