ಸಂದರ್ಶನದಲ್ಲಿ ಅಪ್ಪನ ಸಾಲದ ಕತೆ ಹೇಳಲಿಲ್ಲ

ಸರ್ಕಾರಿ ಬ್ಯಾಂಕುಗಳಿಗೆ ಅಧಿಕಾರಿಗಳನ್ನು ಆರಿಸುವ ಐಬಿಪಿಎಸ್‌ನ ಪಿಒ (ಪ್ರೊಬೇಷನರಿ ಆಫೀಸರ್) ನೇಮಕಾತಿಯಲ್ಲಿ ಮೇನ್ಸ್‌ಗೂ, ಅಂದರೆ ಮುಖ್ಯ ಪರೀಕ್ಷೆಗೂ, ಸಂದರ್ಶನಕ್ಕೂ 80:20ರ ತೂಕ. 20 ಅಂದರೆ ಕಡಿಮೆ ಅನ್ನಿಸಬಹುದು. ಆದರೆ ಕಟ್‌ಆಫ್ ಹತ್ತಿರ ನಿಂತವರಿಗೆ ಎಲ್ಲವೂ ಅಲ್ಲೇ ತೀರ್ಮಾನ ಆಗುತ್ತದೆ. ಮೇನ್ಸ್ ಪಾಸಾದ ಮೇಲೆ ನನಗೆ ಜಾಸ್ತಿ ಚಿಂತೆ ಹಚ್ಚಿದ್ದು ‘ನಿಮ್ಮ ಬಗ್ಗೆ ಹೇಳಿ’ ಅನ್ನುವ ಪ್ರಶ್ನೆ.

ಹೇಳಲು ಎರಡು ವಿಷಯ ಇದ್ದವು. ಒಂದು ಅಪ್ಪನ ಸಾಲ. ಬೋರ್‌ವೆಲ್ ಬತ್ತಿ, ತೋಟ ಒಣಗಿ, ಅಮ್ಮನ ಸರ ಅಡವಿಟ್ಟ ಕಾಲ ಅದು. ಒಂದು ಬ್ಯಾಂಕಿನಲ್ಲಿ ಅಪ್ಪ ಮಧ್ಯಾಹ್ನವಿಡೀ ಕೂತು ಬರಿಗೈಲಿ ವಾಪಸ್ ಬಂದಿದ್ದರು. ಬ್ಯಾಂಕ್ ಕೆಲಸದ ಆಸೆ ನನ್ನಲ್ಲಿ ಹುಟ್ಟಿದ್ದೇ ಆಗ. ಇನ್ನೊಂದು, ಡಿಗ್ರಿ ಓದುವಾಗ ಅಮ್ಮನ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆದದ್ದು.

ಅಪ್ಪನ ವಿಷಯವೇ ಹೇಳು, ಮನಸ್ಸಿಗೆ ತಟ್ಟುತ್ತದೆ ಅಂದರು ಗೆಳೆಯರು. ಅಕ್ಕನ ಮುಂದೆ ಹೇಳಿ ನೋಡಿದೆ. ಪೂರ್ತಿ ಕೇಳಿ, “ಇದರಲ್ಲಿ ನೀನು ಮಾಡಿದ್ದೇನೋ? ಎಲ್ಲಾ ಅಪ್ಪಂದೇ ಅಲ್ವಾ? ಅಪ್ಪನ್ನ ಕೇಳಿದ್ಯಾ?” ಅಂದಳು.

ಅಪ್ಪ ಆ ದಿನಗಳ ಮಾತನ್ನು ನೆಂಟರ ಮುಂದೆಯೂ ಎತ್ತಿದವರಲ್ಲ. ಗುರುತಿಲ್ಲದ ಜನರ ಎದುರು ಅಂಕಕ್ಕಾಗಿ ಅದನ್ನು ಬಿಚ್ಚಿಡುವುದು ನನಗೆ ಸರಿ ಕಾಣಲಿಲ್ಲ.

ಸಂಘದ ಲೆಕ್ಕ ನನ್ನ ಕೈಬರಹದಲ್ಲೇ ಇತ್ತು. ವಾರ ವಾರ ಸಭೆ, ಉಳಿತಾಯ, ಒಳಸಾಲ, ಮರುಪಾವತಿ, ಲೆಕ್ಕಪತ್ರ. ಸ್ವಸಹಾಯ ಸಂಘಗಳಲ್ಲಿ ಇದಕ್ಕೆ ಪಂಚಸೂತ್ರ ಅಂತಾರೆ. ಇಂಥ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸವನ್ನು ಕೃಷಿ, ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ಆದ ನಬಾರ್ಡ್ 1992ರಲ್ಲಿ ಶುರು ಮಾಡಿತು. ಅದಕ್ಕೂ ಮೊದಲೇ ನಮ್ಮ ಕರ್ನಾಟಕದಲ್ಲಿ ಮೈರಾಡ ಸಂಸ್ಥೆ ಹಳ್ಳಿಗಳಲ್ಲಿ ಗುಂಪು ಕಟ್ಟಿ ದಾರಿ ತೋರಿಸಿತ್ತು. ಇದನ್ನೆಲ್ಲ ಆಮೇಲೆ ಓದಿಕೊಂಡೆ. ಕೆಲಸ ಮಾತ್ರ ಮೊದಲೇ ಗೊತ್ತಿತ್ತು.

ಬೆಂಗಳೂರಿನ ಸಂದರ್ಶನದಲ್ಲಿ ಅದನ್ನೇ ಹೇಳಿದೆ. ಹಿರಿಯರೊಬ್ಬರು ತಕ್ಷಣ ಹಿಡಿದುಕೊಂಡರು. “ಯಾರಾದರೂ ಕಂತು ಕಟ್ಟದೆ ಉಳಿದಿದ್ದರಾ?”

ಉಳಿದಿದ್ದರು. ಒಬ್ಬರ ಹಸು ಸತ್ತು, ಹಾಲಿನ ದುಡ್ಡು ನಿಂತುಹೋಗಿತ್ತು. ಆಕೆಯ ಹೆಸರಾಗಲಿ ಊರಾಗಲಿ ಹೇಳಲಿಲ್ಲ.

“ಬ್ಯಾಂಕಿನಲ್ಲಾದರೆ 90 ದಿನ ದಾಟಿದರೆ ಎನ್‌ಪಿಎ, ಕೆಟ್ಟ ಸಾಲ ಅಂತ ಲೆಕ್ಕ. ನಿಮ್ಮ ಸಂಘ ಏನು ಮಾಡಿತು? ಹೊಸ ಸಾಲ ಕೊಟ್ಟು ಹಳೇದು ತೀರಿಸಿತಾ?”

“ಇಲ್ಲ ಸರ್. ಸುಗ್ಗಿವರೆಗೆ ಬಡ್ಡಿ ಮಾತ್ರ ಕಟ್ಟಲಿ ಅಂತ ಸಭೆಯಲ್ಲಿ ತೀರ್ಮಾನ ಆಯಿತು. ಎಲ್ಲರ ಸಹಿ ಹಾಕಿಸಿ ನಡಾವಳಿ ಪುಸ್ತಕದಲ್ಲಿ ಬರೆದದ್ದು ನಾನೇ.” ಇಬ್ಬರು ವಿರೋಧಿಸಿದ್ದರು ಅನ್ನುವುದನ್ನೂ ಹೇಳಿದೆ. ಅವರ ಮಾತಿನಲ್ಲೂ ನ್ಯಾಯವಿತ್ತು, ಅದು ಅವರ ಉಳಿತಾಯದ ಹಣ. ಮಾತು ಅಲ್ಲಿಂದ ಬಹಳ ಹೊತ್ತು ಬೆಳೆಯಿತು. ಬಾಯಿಪಾಠ ಮಾಡಿದ ಒಂದು ಸಾಲೂ ಬೇಕಾಗಲಿಲ್ಲ.

ಬ್ಯಾಂಕ್ ಕೆಲಸವೇ ಯಾಕೆ ಅಂತ ಕೇಳಿದಾಗ, ಬೇಸಾಯದ ಮನೆಯವನು, ಸಮಯಕ್ಕೆ ಸಾಲ ಸಿಗದಿದ್ದರೆ ಏನಾಗುತ್ತದೆ ಅಂತ ಹತ್ತಿರದಿಂದ ನೋಡಿದ್ದೇನೆ ಅಂದೆ. ಅಪ್ಪನ ವಿಷಯ ಅಷ್ಟಕ್ಕೇ ನಿಲ್ಲಿಸಿದೆ.

ಈಗ ಚಿಕ್ಕಪ್ಪನ ಮಗಳು ಅದೇ ತಯಾರಿಯಲ್ಲಿದ್ದಾಳೆ. ಹಾಸ್ಟೆಲ್‌ನಲ್ಲಿ ನೀರಿನ ತೊಂದರೆ ಬಂದಾಗ ಟ್ಯಾಂಕರ್ ತರಿಸಿದ್ದು ಹೇಳ್ತೀನಿ ಅಣ್ಣ ಅಂದಳು. ಟ್ಯಾಂಕರ್‌ಗೆ ಎಷ್ಟಾಯಿತು, ದುಡ್ಡು ಯಾರು ಕೂಡಿಸಿದರು, ಕೊಡದವರಿಗೂ ನೀರು ಬಿಟ್ಟಿರಾ ಅಂತ ಕೇಳುತ್ತಾ ಹೋದೆ. ಎಲ್ಲದಕ್ಕೂ ತಡವರಿಸದೆ ಉತ್ತರ ಕೊಟ್ಟಳು. ಅದನ್ನೇ ಹೇಳು ಅಂದೆ.