ಕಾಣುವುದೆಲ್ಲ ವಿರುದ್ಧವಾಗಿರುವಾಗ ವಾಗ್ದಾನವನ್ನು ನಂಬುವುದು ಹೇಗೆ?

"ದೇವರು ಮಾತು ಕೊಟ್ಟಿದ್ದಾನೆ ಎನ್ನುತ್ತೀರಿ, ಆದರೆ ಕಣ್ಣೆದುರು ನಡೆಯುತ್ತಿರುವುದೆಲ್ಲ ಆ ಮಾತಿಗೆ ವಿರುದ್ಧವಾಗಿರುವಾಗ ಅದನ್ನು ನಂಬುವುದಾದರೂ ಹೇಗೆ?" ಸತ್ಯವೇದವನ್ನು, ಅಂದರೆ ಬೈಬಲನ್ನು, ದಿನವೂ ಓದುವವರು, ಒಮ್ಮೆಯೂ ತೆರೆಯದವರು, ಇಬ್ಬರೂ ನನ್ನನ್ನು ಕೇಳುವ ಪ್ರಶ್ನೆ ಇದು. ಸತ್ಯವೇದವು ವಾಗ್ದಾನದ ಜೊತೆಗೇ ವಿಳಂಬವನ್ನೂ, ಕಾದವರ ಅಳಲನ್ನೂ ಬರೆದಿಟ್ಟಿದೆ, ಏನನ್ನೂ ಮುಚ್ಚಿಟ್ಟಿಲ್ಲ. ನನ್ನ ಭರವಸೆ ಬೆಳೆದದ್ದು ಅದರಿಂದಲೇ.

ಅಬ್ರಹಾಮನಿಗೆ ದೇವರು ಸಂತತಿಯನ್ನೂ ದೇಶವನ್ನೂ ಕೊಡುವೆನೆಂದು ಮಾತು ಕೊಟ್ಟನು. ಅವನು ಹಾರಾನ್ ಪಟ್ಟಣವನ್ನು ಬಿಟ್ಟು ಹೊರಟಾಗ ಅವನಿಗೆ 75 ವರ್ಷ, ಮಗ ಇಸಾಕನು ಹುಟ್ಟಿದಾಗ 100. ಈ ನಡುವೆ, ದೇಶವು ತನ್ನದಾಗುವುದೆಂದು ತಿಳಿಯುವುದು ಹೇಗೆ ಎಂದು ಅವನು ನೇರವಾಗಿಯೇ ಕೇಳುತ್ತಾನೆ. ದೇವರು ಆ ಪ್ರಶ್ನೆಗೆ ಸಿಟ್ಟಾಗದೆ ಒಡಂಬಡಿಕೆಯನ್ನು ಮಾಡಿಕೊಳ್ಳುತ್ತಾನೆ. ಮಾತು ಕೊಡುವವರು ಹಾದುಹೋಗುವ ಕಡಿದಿಟ್ಟ ಪಶುಗಳ ನಡುವೆ ದೇವರ ಗುರುತಾಗಿ ಹೊಗೆಯಾಡುವ ಒಲೆಯೂ ಉರಿಯುವ ಪಂಜೂ ಹಾದುಹೋಗುತ್ತವೆ, ಅಬ್ರಹಾಮನು ಹಾದುಹೋಗುವುದಿಲ್ಲ. ಅಂದರೆ ಮಾತಿನ ಹೊಣೆಯನ್ನು ದೇವರೇ ತನ್ನ ಮೇಲೆ ಹಾಕಿಕೊಂಡನು. ಆದರೂ ಹೆಂಡತಿ ಸಾರಳು ತೀರಿಕೊಂಡಾಗ ಅವಳನ್ನು ಹೂಣಿಡಲು ಅಬ್ರಹಾಮನು 400 ಶೆಕೆಲ್ ತೂಕದ ಬೆಳ್ಳಿ ಕೊಟ್ಟು ಮಕ್ಪೇಲದ ಹೊಲವನ್ನೂ ಗವಿಯನ್ನೂ ಕೊಂಡುಕೊಳ್ಳಬೇಕಾಯಿತು. ವಾಗ್ದಾನದ ದೇಶದಲ್ಲಿಯೇ ಅವನು ಪರದೇಶಿಯಾಗಿದ್ದನೆಂಬುದನ್ನು ಈ ಕಥೆಯಿರುವ ಆದಿಕಾಂಡ ಸ್ವಲ್ಪವೂ ಮರೆಮಾಚುವುದಿಲ್ಲ.

ಆದರೆ ಈ ಪ್ರಶ್ನೆ ಬಂದಾಗಲೆಲ್ಲ ನಾನು ಮೊದಲು ತೆರೆಯುವುದು ಪ್ರವಾದಿ ಯೆರೆಮೀಯನ ಗ್ರಂಥದ 32ನೆಯ ಅಧ್ಯಾಯವನ್ನು. ಕ್ರಿ.ಪೂ. 587ರ ಆಸುಪಾಸಿನಲ್ಲಿ ಬಾಬೆಲಿನ (ಬ್ಯಾಬಿಲೋನಿನ) ಸೈನ್ಯವು ಯೆರೂಸಲೇಮಿಗೆ ಮುತ್ತಿಗೆ ಹಾಕಿದೆ. ನಗರವು ಶತ್ರುವಿನ ಕೈಸೇರುವುದೆಂದು ಸಾರಿದ್ದಕ್ಕಾಗಿ ಯೆರೆಮೀಯನನ್ನು ಅರಮನೆಯ ಕಾವಲಿನ ಅಂಗಳದಲ್ಲಿ ಇರಿಸಿದ್ದಾರೆ. ಅಂಥ ಹೊತ್ತಿನಲ್ಲಿ ಅವನ ಚಿಕ್ಕಪ್ಪನ ಮಗ ಹನಮೇಲನು ಬಂದು, ಅನಾತೋತಿನಲ್ಲಿರುವ ತನ್ನ ಹೊಲವನ್ನು ಕೊಂಡುಕೋ ಎನ್ನುತ್ತಾನೆ. ದೇವರ ಅಪ್ಪಣೆಯಂತೆ ಯೆರೆಮೀಯನು 17 ಶೆಕೆಲ್ ಬೆಳ್ಳಿಯನ್ನು ತೂಗಿಕೊಟ್ಟು, ಪತ್ರಕ್ಕೆ ರುಜು ಹಾಕಿ, ಸಾಕ್ಷಿಗಳಿಂದಲೂ ರುಜು ಹಾಕಿಸಿ, ಮುದ್ರೆಯೊತ್ತಿದ ಪ್ರತಿಯನ್ನೂ ತೆರೆದ ಪ್ರತಿಯನ್ನೂ ಬಹುಕಾಲ ಉಳಿಯುವಂತೆ ಮಣ್ಣಿನ ಮಡಕೆಯಲ್ಲಿ ಇಡಬೇಕೆಂದು ತನ್ನ ಲಿಪಿಕಾರ ಬಾರೂಕನಿಗೆ ಹೇಳುತ್ತಾನೆ. ಈ ದೇಶದಲ್ಲಿ ಮನೆ, ಹೊಲ, ದ್ರಾಕ್ಷಿತೋಟಗಳ ಕ್ರಯವಿಕ್ರಯ ಮತ್ತೆ ನಡೆಯುವುದೆಂಬುದೇ ವಾಗ್ದಾನ. ಎಲ್ಲವನ್ನೂ ಮಾಡಿ ಮುಗಿಸಿದ ಮೇಲೆ ಅವನು ಪ್ರಾರ್ಥನೆಗೆ ನಿಂತು, ನಗರವು ಕಸ್ದೀಯರ, ಅಂದರೆ ಬಾಬೆಲಿನವರ, ಪಾಲಾಗುತ್ತಿರುವಾಗ ಹೊಲ ಕೊಂಡುಕೋ ಎಂದೆಯಲ್ಲಾ ಎಂದು ದೇವರಲ್ಲಿ ತೋಡಿಕೊಳ್ಳುತ್ತಾನೆ. ಅವನ ವಿಧೇಯತೆಯಷ್ಟೇ ಈ ತಳಮಳವೂ ನನಗೆ ಅಮೂಲ್ಯ, ಏಕೆಂದರೆ ನಂಬಿಕೆಯೆಂದರೆ ಪ್ರಶ್ನೆಯೇ ಏಳದ ಸ್ಥಿತಿ ಎಂದುಕೊಂಡು ಕುಗ್ಗಿದವರನ್ನು ನಾನು ಬಲ್ಲೆ.

ನಗರವು ಬಿದ್ದು ಜನರು ಬಾಬೆಲಿಗೆ ಸೆರೆಹೋದರು. ಮುಂದೆ ಪರ್ಷಿಯದ ಅರಸ ಕೋರೆಷನ ಕಾಲದಲ್ಲಿ, ಕ್ರಿ.ಪೂ. 538ರಲ್ಲಿ, ಸೆರೆಹೋದವರಿಗೆ ಹಿಂದಿರುಗಲು ಅಪ್ಪಣೆ ಸಿಕ್ಕಿತು. ಎಜ್ರನ ಗ್ರಂಥದಲ್ಲಿ ಹಿಂದಿರುಗಿದವರ ಉದ್ದನೆಯ ಪಟ್ಟಿಯಿದೆ. ಹೆಚ್ಚಿನವರು ಓದದೆ ದಾಟಿಹೋಗುವ ಆ ಪಟ್ಟಿಯಲ್ಲಿ, ಯೆರೆಮೀಯನು ಹೊಲ ಕೊಂಡ ಊರಿನ ಬಗ್ಗೆ, "ಅನಾತೋತಿನವರು 128" ಎಂಬ ಒಂದು ಸಾಲಿದೆ.

ಇದೇ ಯೆರೆಮೀಯನ ಎದುರು ಹನನ್ಯನೆಂಬ ಪ್ರವಾದಿ ನಿಂತು, ಎರಡೇ ವರ್ಷಗಳಲ್ಲಿ ಎಲ್ಲವೂ ಸರಿಹೋಗುವುದೆಂದು ಸಾರಿದ್ದನು. ಕೇಳಲು ಅದೇ ಹಿತವಾಗಿತ್ತು, ಆದರೆ ಅದು ಸುಳ್ಳಾಗಿತ್ತು. ಒಳ್ಳೆಯ ಗತಿಯನ್ನೂ ನಿರೀಕ್ಷೆಯನ್ನೂ ಕೊಡುವೆನೆಂಬ, ಎಲ್ಲರ ಬಾಯಲ್ಲಿರುವ ಯೆರೆಮೀಯ 29:11ರ ಹಿಂದಿನ ವಚನವೇ 70 ವರ್ಷಗಳ ಕಾಯುವಿಕೆಯನ್ನು ಹೇಳುತ್ತದೆ. ಆ ವಚನವನ್ನು ಬಿಟ್ಟು ಇದೊಂದನ್ನೇ ಹಂಚುವುದು ಓದುವವರಿಗೆ ಮಾಡುವ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಕ್ರೈಸ್ತರಿಗೆ ಈ ಎಲ್ಲ ಮಾತುಗಳ ಕೇಂದ್ರ ಕ್ರಿಸ್ತನು. ದೇವರ ವಾಗ್ದಾನಗಳೆಲ್ಲ ಆತನಲ್ಲಿ "ಹೌದು" ಆಗಿವೆಯೆಂದು ಅಪೊಸ್ತಲ ಪೌಲನು ಕೊರಿಂಥದವರಿಗೆ ಬರೆಯುತ್ತಾನೆ. ಅದೇ ಪೌಲನು, ಕ್ರಿಸ್ತನು ಸತ್ತವರೊಳಗಿಂದ ಎದ್ದುಬರದೆ ಹೋಗಿದ್ದರೆ ನಿಮ್ಮ ನಂಬಿಕೆಯೇ ವ್ಯರ್ಥವೆಂದೂ, ಎದ್ದ ಆತನನ್ನು ಒಮ್ಮೆಗೇ ಕಂಡ 500ಕ್ಕೂ ಹೆಚ್ಚು ಮಂದಿಯಲ್ಲಿ ಬಹುಪಾಲು ಇನ್ನೂ ಬದುಕಿದ್ದಾರೆಂದೂ ಹೇಳುತ್ತಾನೆ. ನಂಬಿಕೆಯನ್ನು ಹೀಗೆ ಒಂದು ಘಟನೆಗೂ ಅದರ ಸಾಕ್ಷಿಗಳಿಗೂ ಕಟ್ಟಿಹಾಕುವವನು ಕಣ್ಣುಮುಚ್ಚಿ ನಂಬಿರೆಂದು ಹೇಳುತ್ತಿಲ್ಲ.

ಹಾಗಾಗಿ ನನ್ನನ್ನು ಕೇಳುವವರಿಗೆ ಬಿಡಿ ವಚನವೊಂದನ್ನು ಕೊಟ್ಟು ಕಳುಹಿಸಲು ನನಗೆ ಮನಸ್ಸಾಗುವುದಿಲ್ಲ. ವಾಗ್ದಾನವನ್ನು ಯಾರಿಗೆ, ಯಾವ ಸಂಕಟದಲ್ಲಿ ಕೊಡಲಾಯಿತು, ಅವರು ಎಷ್ಟು ಕಾದರು ಎಂಬುದನ್ನು ಇಡೀ ಅಧ್ಯಾಯ ಓದಿ ತಿಳಿದುಕೊಳ್ಳಿರಿ ಎನ್ನುತ್ತೇನೆ. ಅಲ್ಲಿ ದೂರು ಕಂಡರೆ ಅದನ್ನೂ ಬಿಡದೆ ಗಟ್ಟಿಯಾಗಿ ಓದಿರಿ. 89ನೆಯ ಕೀರ್ತನೆಯು ದೇವರು ಅರಸ ದಾವೀದನಿಗೆ ಕೊಟ್ಟ ಮಾತನ್ನು 37ನೆಯ ವಚನದವರೆಗೂ ಕೊಂಡಾಡಿ, ಮುಂದಿನ ವಚನದಲ್ಲೇ "ನೀನು ಕೈಬಿಟ್ಟಿದ್ದೀ" ಎಂದು ದೇವರಿಗೇ ಹೇಳುತ್ತದೆ, ಮತ್ತು ಅದನ್ನೂ ಆರಾಧನೆಯ ಹಾಡಾಗಿಯೇ ಉಳಿಸಿಕೊಂಡು ಬರಲಾಗಿದೆ.