ಜ್ವಾಳ ಅಂತ ಹುಡುಕಿದರೆ ಜೋಳ ಸಿಗಬೇಕು

ಕಲಬುರಗಿಯ ಗಂಜ್ ಮಾರುಕಟ್ಟೆಯ ಒಂದು ಕಾಳುಕಡಿ ಅಂಗಡಿಯ ವೆಬ್‌ಸೈಟಿನಲ್ಲಿ ಹುಡುಕುವ ಪೆಟ್ಟಿಗೆ ಮೊದಲಿನಿಂದಲೂ ಇತ್ತು. ಪದ ಬರೆದು ಗುಂಡಿ ಒತ್ತಿದರೆ ಪುಟ ಪೂರ್ತಿ ಹೊಸದಾಗಿ ತೆರೆಯುತ್ತಿತ್ತು, ಬಹಳ ಸಲ ಬರಿಗೈಯಲ್ಲಿ. ‘ಬ್ಯಾಳಿ ಅಂತ ಹೊಡದ್ರ ಏನೂ ಬರವಲ್ದಲ್ರೀ’ ಎಂದು ಗಿರಾಕಿಗಳು ಅಂಗಡಿಗೇ ಫೋನ್ ಮಾಡುತ್ತಿದ್ದರು. ಅಕ್ಷರ ಒತ್ತುತ್ತಿದ್ದಂತೆ ಕೆಳಗೆ ಸಾಮಾನಿನ ಹೆಸರು, ಅವತ್ತಿನ ದರ ಇಳಿದು ಬರುವಂತೆ ಮಾಡಲು ಒಂದು ಶನಿವಾರ ಕೂತೆವು.

ಇಳಿಪಟ್ಟಿಯ ಕೆಲಸ ಮಧ್ಯಾಹ್ನದೊಳಗೆ ಮುಗಿಯಿತು. ಪೆಟ್ಟಿಗೆಯ ‘ಇನ್‌ಪುಟ್’ ಈವೆಂಟ್ (ಬರಹ ಬದಲಾದಾಗಲೆಲ್ಲ ಬ್ರೌಸರ್ ಕೊಡುವ ಸೂಚನೆ) ಹಿಡಿಯುವುದು, ಬೆರಳು ನಿಂತ ಮೇಲೆ 250 ಮಿಲಿಸೆಕೆಂಡ್ ಕಾಯುವುದು, ಆಮೇಲೆ ಸರ್ವರಿಗೆ ಕೇಳುವುದು. ಕೀಲಿ ಒತ್ತಿದ ಈವೆಂಟನ್ನು ನಂಬಬಾರದು. ಆಂಡ್ರಾಯ್ಡ್ ಕೀಬೋರ್ಡ್‌ಗಳು ಹೆಚ್ಚಿನ ಸಲ ಯಾವ ಕೀಲಿ ಎಂದು ಹೇಳದೆ 229 ಎಂಬ ಒಂದೇ ಸಂಖ್ಯೆ ಕಳಿಸುತ್ತವೆ. ಬ್ರೌಸರಿನ ನೆಟ್‌ವರ್ಕ್ ವೇಗವನ್ನು 3ಜಿಗೆ ಇಳಿಸಿ ನೋಡಿದಾಗ ಇನ್ನೊಂದು ತೊಂದರೆ ಕಂಡಿತು: ‘ತೊಗರಿ’ ಎಂದು ಬರೆದು ಮುಗಿಸಿದ ಮೇಲೆ ‘ತೊ’ಗೆ ಬರಬೇಕಿದ್ದ ಉತ್ತರ ತಡವಾಗಿ ಬಂದು ಪಟ್ಟಿಯ ಮೇಲೆ ಕೂತಿತ್ತು. ಹೊಸ ವಿನಂತಿ ಹೊರಡುವ ಮುಂಚೆ ಹಳೆಯದನ್ನು ಬ್ರೌಸರಿನದೇ ಸೌಲಭ್ಯವಾದ ‘ಅಬಾರ್ಟ್‌ಕಂಟ್ರೋಲರ್’ನಿಂದ ರದ್ದು ಮಾಡಿದರೆ ಇದು ನಿಲ್ಲುತ್ತದೆ. ಕಾಯುವ ಸಮಯ ಹೆಚ್ಚಿಸಿದರೆ ನಿಲ್ಲುವುದಿಲ್ಲ, ಅಪರೂಪವಾಗುತ್ತದೆ ಅಷ್ಟೆ. ಅಪರೂಪದ ದೋಷ ಹಿಡಿಯುವುದು ಇನ್ನೂ ಕಷ್ಟ.

ಊಟದ ನಂತರ ಶುರುವಾಯಿತು ಅಕ್ಷರದ ಕೆಲಸ. ‘ಜೋಳ’ ಎಂದು ಬರೆದರೆ ಬಿಳಿ ಜೋಳ ಬರುತ್ತಿತ್ತು, ಪಟ್ಟಿಯಲ್ಲಿದ್ದ ಮಾಲ್ದಂಡಿ ಜೋಳ ಬರುತ್ತಿರಲಿಲ್ಲ. ತೆರೆಯ ಮೇಲೆ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಕಂಪ್ಯೂಟರ್ ಒಳಗೆ ಅಕ್ಷರಗಳನ್ನು ಇಡುವ ಸಂಕೇತಗಳನ್ನು ಎಣಿಸಿದಾಗ ಒಂದು ‘ಜೋಳ’ದಲ್ಲಿ 3 ಸಂಕೇತ, ಇನ್ನೊಂದರಲ್ಲಿ 4. ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲಿದ್ದ ಹಳೆಯ ದರಪಟ್ಟಿಯನ್ನು ಯುನಿಕೋಡಿಗೆ ಪರಿವರ್ತಿಸುವಾಗ ಓತ್ವ ಒಂದೇ ಸಂಕೇತವಾಗದೆ ಒತ್ವ ಮತ್ತು ದೀರ್ಘ ಎಂದು ಎರಡು ತುಂಡಾಗಿ ಉಳಿದಿತ್ತು. ಯುನಿಕೋಡ್ ಎರಡನ್ನೂ ಸಮವೆಂದೇ ಒಪ್ಪುತ್ತದೆ, ಆದರೆ ಹೋಲಿಸುವ ಮುಂಚೆ ಎರಡನ್ನೂ ಒಂದೇ ರೂಪಕ್ಕೆ ತರುವುದು ನಮ್ಮ ಕೆಲಸ.

ಸಾಮಾನ್ಯವಾಗಿ ಎಲ್ಲರೂ ಕೂಡಿಸಿದ ರೂಪ, ಅಂದರೆ ಎನ್‌ಎಫ್‌ಸಿ, ಬಳಸುತ್ತಾರೆ. ಬರೆಯುತ್ತಿದ್ದಂತೆ ಹುಡುಕುವ ಪೆಟ್ಟಿಗೆಗೆ ಬಿಡಿಸಿದ ರೂಪವಾದ ಎನ್‌ಎಫ್‌ಡಿ ಉತ್ತಮ. ಕಾರಣ, ಲಿಪ್ಯಂತರ ಕೀಬೋರ್ಡಿನಲ್ಲಿ ‘ಜೋ’ ಬರೆಯುವವರು ಮೊದಲು ‘ಜ್’, ಆಮೇಲೆ ‘ಜೊ’, ಕೊನೆಗೆ ‘ಜೋ’ ದಾಟಿ ಹೋಗುತ್ತಾರೆ. ಕೂಡಿಸಿದ ರೂಪದಲ್ಲಿ ‘ಜೊ’ ಎಂಬುದು ‘ಜೋಳ’ದ ಆರಂಭವೇ ಅಲ್ಲ, ಹಾಗಾಗಿ ಪಟ್ಟಿ ಒಂದು ಕ್ಷಣ ಖಾಲಿಯಾಗಿ ಮತ್ತೆ ತುಂಬುತ್ತದೆ. ಬಿಡಿಸಿದ ರೂಪದಲ್ಲಿ ‘ಜೊ’ಕ್ಕೆ ದೀರ್ಘ ಸೇರಿದರೇ ‘ಜೋ’, ಆದ್ದರಿಂದ ಪಟ್ಟಿ ಅಲುಗುವುದಿಲ್ಲ. ‘ಬೆ’ಯಿಂದ ‘ಬೇ’ಗೂ ‘ಶಿ’ಯಿಂದ ‘ಶೀ’ಗೂ ಇದೇ ಲೆಕ್ಕ. ಇದರ ಜೊತೆಗೆ ಪದದ ಕೊನೆಯಲ್ಲಿ ಉಳಿದ ಹಲಂತವನ್ನು ಹುಡುಕುವ ಮುಂಚೆ ತೆಗೆಯಬೇಕು. ‘ಜ್’ ಎಂದೇ ಹುಡುಕಿದರೆ ‘ಜೋಳ’ ಎಲ್ಲಿಂದ ಸಿಗಬೇಕು? ‘ರಾಜ್‌ಮಾ’ದ ನಡುವೆ ಕಣ್ಣಿಗೆ ಕಾಣದೆ ಕೂತಿರುವ ಶೂನ್ಯ ಅಗಲದ ಸಂಕೇತವನ್ನೂ ತೆಗೆಯಬೇಕು, ಇಲ್ಲದಿದ್ದರೆ ‘ರಾಜ್ಮಾ’ ಎಂದು ಬರೆದವರಿಗೆ ಅದು ಸಿಗದು.

ಹೊಂದಿದ ಭಾಗವನ್ನು ಹಳದಿ ಬಣ್ಣದಲ್ಲಿ ತೋರಿಸುವಾಗ ಕತ್ತರಿ ಎಲ್ಲೆಂದರಲ್ಲಿ ಬೀಳಬಾರದು. ನಮ್ಮ ಮೊದಲ ಪ್ರಯತ್ನದಲ್ಲಿ ಗುಣಿತ ಕಳಚಿ ಚುಕ್ಕಿ ವೃತ್ತದ ಮೇಲೆ ನಿಂತಿತ್ತು. ಬ್ರೌಸರಿನಲ್ಲೇ ಇರುವ ‘ಇಂಟ್ಲ್ ಸೆಗ್ಮೆಂಟರ್’ ಅಕ್ಷರ ಎಣಿಸಿಕೊಡುತ್ತದೆ, ಫೈರ್‌ಫಾಕ್ಸಿಗೆ ಅದು 2024ರಲ್ಲಿ ಬಂತು. ಆದರೆ ಕನ್ನಡದ ಒತ್ತಕ್ಷರ ಅದಕ್ಕೆ ತಿಳಿಯದು, ‘ಬ್ಯಾ’ವನ್ನು ‘ಬ್’, ‘ಯಾ’ ಎಂದು ಒಡೆಯುತ್ತದೆ. ಹಲಂತದ ನಂತರ ಕತ್ತರಿಸಬೇಡ ಎಂಬ ನಿಯಮವನ್ನು ನಾವೇ ಬರೆದೆವು.

ಇನ್ನು ಬಾಯಿಮಾತಿನ ಪದಗಳು. ನಮ್ಮ ಭಾಗದವರು ಬ್ಯಾಳಿ, ಜ್ವಾಳ, ಕಡ್ಲಿ, ಪುಠಾಣಿ ಎಂದೇ ಬರೆಯುತ್ತಾರೆ, ಅದು ತಪ್ಪಲ್ಲ. ಗಿರಾಕಿ ಬರೆದ ಪದವನ್ನು ತಿದ್ದಿ ‘ಬೇಳೆ’ ಮಾಡಲು ಹೋದರೆ ‘ಬ್ಯಾ’ ಎಂಬಲ್ಲಿ ನಿಂತವರಿಗೆ ಏನೂ ಕಾಣುವುದಿಲ್ಲ. ಅದರ ಬದಲು ಪ್ರತಿ ಸಾಮಾನಿನ ಸಾಲಿನಲ್ಲೇ ಅಡ್ಡಹೆಸರಿನ ಕಾಲಂ ಇಟ್ಟು, ತೊಗರಿಬೇಳೆಗೆ ತೊಗರಿಬ್ಯಾಳಿ, ಬ್ಯಾಳಿ, ತೂರ್ ದಾಲ್, ಶೇಂಗಾಕ್ಕೆ ಕಡ್ಲೆಕಾಯಿ ಎಂದು ತುಂಬಿಸಿದೆವು. ಊರಿನ ಹೆಸರು 2014ರಲ್ಲಿ ಅಧಿಕೃತವಾಗಿ ಕಲಬುರಗಿಯಾದರೂ 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಗುಲ್ಬರ್ಗಾ ತೊಗರಿಬೇಳೆ ಎಂಬ ಹೆಸರಿನಲ್ಲೇ ಇದೆ. ಹೊರ ಊರಿನವರು ಹಾಗೇ ಹುಡುಕುತ್ತಾರೆ, ಅದನ್ನೂ ಸೇರಿಸಿದೆವು. ಫಲಿತಾಂಶವಿಡುವಾಗ ಅಸಲು ಹೆಸರಿಗೆ ಹೊಂದಿದ್ದು ಮೇಲೆ, ಅಡ್ಡಹೆಸರಿಗೆ ಹೊಂದಿದ್ದು ಕೆಳಗೆ.

ಉಳಿದದ್ದು ಬೇಗ ಆಯಿತು: ಮೇಲೆ ಕೆಳಗೆ ಬಾಣದ ಕೀಲಿ, ಎಸ್ಕೇಪ್ ಒತ್ತಿದರೆ ಪಟ್ಟಿ ಮುಚ್ಚುವುದು, ತೆರೆ ಓದುವ ತಂತ್ರಾಂಶಕ್ಕೆ ‘5 ಸಾಮಾನು ಸಿಕ್ಕಿವೆ’ ಎಂಬ ಸೂಚನೆ. ಅಕ್ಷರ ಇನ್ನೂ ಕೂಡುತ್ತಿರುವಾಗ ಎಂಟರ್ ಒತ್ತಿದರೆ ಅದು ಕೀಬೋರ್ಡಿಗೆ ಸೇರಿದ್ದು, ಹುಡುಕಾಟಕ್ಕಲ್ಲ. ಈವೆಂಟಿನ ‘ಈಸ್‌ಕಂಪೋಸಿಂಗ್’ ಎಂಬ ಗುರುತು ನೋಡಿ ಅಂಥ ಎಂಟರನ್ನು ಬಿಟ್ಟುಬಿಡಬೇಕು. ಗಿರಾಕಿ ಬರೆದದ್ದನ್ನು ಪುಟಕ್ಕೆ ಹಾಕುವಾಗ ಬರೀ ಪಠ್ಯವಾಗಿಯೇ ಹಾಕಬೇಕು, ಎಚ್‌ಟಿಎಂಎಲ್ ಆಗಿ ಎಂದೂ ಅಲ್ಲ.

ಕೊನೆಗೆ, ಏನೂ ಸಿಗದ ಹುಡುಕಾಟಗಳ ಪದಗಳಷ್ಟನ್ನೇ, ಯಾರು ಬರೆದರೆಂಬುದಿಲ್ಲದೆ, ಒಂದು ಕೋಷ್ಟಕಕ್ಕೆ ಬರೆಯುವಂತೆ ಮಾಡಿದೆವು. ಸೋಮವಾರ ಬೆಳಿಗ್ಗೆ ತೆರೆದಾಗ ಅದರಲ್ಲಿ ‘ಕುಸುಬಿ’ ಇತ್ತು. ಅಂಗಡಿಯಲ್ಲಿ ಮಾಲು ಇತ್ತು, ಪಟ್ಟಿಯಲ್ಲಿ ‘ಕುಸುಬೆ’ ಎಂದಿತ್ತು.